ವ್ಯಾನ್ ತುಂಬುವವರೆಗೆ ಕಾಯಿರಿ: ಕಿರ್ಗಿಸ್ತಾನದ ಗುಡ್ಡಗಾಡಿನಲ್ಲಿ ಒಬ್ಬರೇ ಸುತ್ತುವುದು ಹೇಗೆ

ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನ ಪಶ್ಚಿಮ ಬಸ್ ನಿಲ್ದಾಣದಲ್ಲಿ ಎರಡು ಗಂಟೆ ಹತ್ತು ನಿಮಿಷ ಕೂತಿದ್ದೆ. ಕೊಚ್ಕೋರ್‌ಗೆ ಹೋಗುವ ವ್ಯಾನ್ ಕಣ್ಣೆದುರೇ ನಿಂತಿತ್ತು. ಡ್ರೈವರೂ ಇದ್ದ. ಆದರೆ ಸೀಟು ಭರ್ತಿಯಾಗದೆ ಗಾಡಿ ಹೊರಡುವುದಿಲ್ಲ. ನಮ್ಮ ಮಲೆನಾಡಿನ ಮ್ಯಾಕ್ಸಿಕ್ಯಾಬ್ ಹತ್ತಿದವರಿಗೆ ಇದೇನೂ ಹೊಸದಲ್ಲ. ಆದರೂ ಮೊದಲ ಅರ್ಧ ಗಂಟೆ ನನಗೆ ಸಿಟ್ಟು ಬಂದಿತ್ತು. ಆಮೇಲೆ ಪಕ್ಕದಲ್ಲಿ ಕೂತಿದ್ದ ಅಜ್ಜಿ ಚೀಲದಿಂದ ಎರಡು ಏಪ್ರಿಕಾಟ್ ತೆಗೆದು ನನ್ನ ಕೈಗಿಟ್ಟರು. ನಾನು ಕೋಡುಬಳೆ ಪೊಟ್ಟಣ ಬಿಚ್ಚಿದೆ. ಅವರು ಒಂದು ಕಚ್ಚಿ, ಖಾರಕ್ಕೆ ಕಣ್ಣರಳಿಸಿ, ಉಳಿದಿದ್ದನ್ನು ಮೊಮ್ಮಗನಿಗೆ ಅಂತ ಕರವಸ್ತ್ರದಲ್ಲಿ ಕಟ್ಟಿಕೊಂಡರು. ವ್ಯಾನ್ ಹೊರಡುವ ಹೊತ್ತಿಗೆ ಆ ಮೊಮ್ಮಗನ ಹೆಸರು, ಕ್ಲಾಸು, ಹಲ್ಲು ಬಿದ್ದ ಕತೆ ಎಲ್ಲಾ ನನಗೆ ಗೊತ್ತಾಗಿತ್ತು. ನಮ್ಮಿಬ್ಬರ ಮಧ್ಯೆ ಒಂದೇ ಒಂದು ಸಮಾನ ಭಾಷೆ ಇರಲಿಲ್ಲ.

‘ಅಲ್ಲಿನ ಜನರ ಜೊತೆ ಬೆರೆಯೋದು ಹೇಗೆ?’ ಅಂತ ಊರಿಗೆ ಬಂದಮೇಲೆ ತುಂಬಾ ಜನ ಕೇಳಿದರು. ನನಗೆ ಗೊತ್ತಿರುವುದು ಇಷ್ಟೇ. ಬೇರೆಯವರ ಸಹಾಯ ಬೇಕಾಗುವ ಹಾಗೆ ಪ್ರಯಾಣ ಮಾಡಿ. ಕಾಯಬೇಕಾದ ಕಡೆ ಕಾಯಿರಿ. ಅದನ್ನೇ ಹಂತ ಹಂತವಾಗಿ ಕೆಳಗೆ ಬರೆದಿದ್ದೇನೆ.

ದೇಶದ ಅಂದಾಜು ಸಿಗಲಿ ಅಂತ ಒಂದು ಮಾತು. ಮಧ್ಯ ಏಷ್ಯಾದ ಈ ಕಿರ್ಗಿಸ್ತಾನದ ವಿಸ್ತೀರ್ಣ ಸುಮಾರು 2 ಲಕ್ಷ ಚದರ ಕಿಲೋಮೀಟರ್. ಅಂದರೆ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು. ಜನ ಮಾತ್ರ 70 ಲಕ್ಷದ ಆಸುಪಾಸು, ನಮ್ಮ ಬೆಂಗಳೂರಿಗಿಂತ ಕಡಿಮೆ. ಉಳಿದದ್ದೆಲ್ಲ ಬೆಟ್ಟ, ಹುಲ್ಲು, ಕುದುರೆ, ಕುರಿ. ನಾನು ಹೇಳುವ ದಾರಿ ಬಿಷ್ಕೆಕ್‌ನಿಂದ ಕೊಚ್ಕೋರ್, ಅಲ್ಲಿಂದ ಸೊಂಗ್-ಕೊಲ್ ಸರೋವರ, ಆಮೇಲೆ ನಾರಿನ್ ಪಟ್ಟಣ, ಕೊನೆಗೆ ತಾಶ್ ರಬಾತ್. ಹತ್ತು ಹನ್ನೆರಡು ದಿನ ಇಟ್ಟುಕೊಳ್ಳಿ.

ಹಂತ 1: ತಿಂಗಳು ಮತ್ತು ಕಾಗದಪತ್ರ

ಜೂನ್ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರದೊಳಗೆ ಹೋಗಿ. ದನಕುರಿ ಹೊಡೆದುಕೊಂಡು ಮನೆಮಂದಿಯೆಲ್ಲ ಮೇಲಿನ ಹುಲ್ಲುಗಾವಲಿಗೆ ಹೋಗಿ ಉಳಿಯುವುದು ಆಗಲೇ. ಆ ಹುಲ್ಲುಗಾವಲಿಗೆ ಅವರು ‘ಜೈಲೋ’ ಅನ್ನುತ್ತಾರೆ. ನಾನು ಅಮ್ಮನಿಗೆ ಫೋನಿನಲ್ಲಿ ‘ನಾಳೆ ಜೈಲೋಗೆ ಹೋಗ್ತಿದೀನಿ’ ಅಂದು ಒಂದು ರಾತ್ರಿ ಅವರ ನಿದ್ದೆ ಕೆಡಿಸಿದ್ದೆ. ನೀವು ಹುಲ್ಲುಗಾವಲು ಅಂತಲೇ ಹೇಳಿ.

ಭಾರತೀಯರಿಗೆ ವೀಸಾ ಬೇಕು. ಆನ್‌ಲೈನ್‌ನಲ್ಲಿ ಇ-ವೀಸಾಕ್ಕೆ ಅರ್ಜಿ ಹಾಕುವುದು. ಅವರು ಕೇಳುವ ಕಾಗದಗಳು ಆಗಾಗ ಬದಲಾಗುತ್ತವೆ. ಹಾಗಾಗಿ ವಿಮಾನದ ಟಿಕೆಟ್‌ಗೆ ದುಡ್ಡು ಕಟ್ಟುವ ಮೊದಲು ಸರ್ಕಾರಿ ಪೋರ್ಟಲ್ ನೋಡಿ. ದೆಹಲಿಯಿಂದ ಬಿಷ್ಕೆಕ್‌ಗೆ ನೇರ ವಿಮಾನ ಇದೆ. ಇನ್ನೊಂದು ದಾರಿಯೂ ಇದೆ. ಕಜಕಸ್ತಾನಕ್ಕೆ 2022ರಿಂದ ಭಾರತೀಯರು 14 ದಿನ ವೀಸಾ ಇಲ್ಲದೆ ಹೋಗಬಹುದು. ಅಲ್ಮಾಟಿಯಲ್ಲಿ ಇಳಿದು ಸುಮಾರು 240 ಕಿಲೋಮೀಟರ್ ರಸ್ತೆಯಲ್ಲಿ ಬಂದರೆ ಬಿಷ್ಕೆಕ್. ಈ ದಾರಿಯಲ್ಲಿ ಬಂದರೂ ಕಿರ್ಗಿಸ್ತಾನದ ವೀಸಾ ಕೈಯಲ್ಲಿರಲೇಬೇಕು.

ದುಡ್ಡಿನ ವಿಷಯ. ಅಲ್ಲಿನ ನಾಣ್ಯ ಸೊಮ್. ಒಂದು ಸೊಮ್ ಅಂದರೆ ಹೆಚ್ಚುಕಡಿಮೆ ಒಂದು ರೂಪಾಯಿ, ಲೆಕ್ಕ ಸುಲಭ. ರೂಪಾಯಿ ನೋಟು ಒಯ್ಯಬೇಡಿ. ಮಡಿಕೆ ಇಲ್ಲದ ಡಾಲರ್ ನೋಟು ಒಯ್ದು ಬಿಷ್ಕೆಕ್‌ನಲ್ಲಿ ಬದಲಾಯಿಸಿಕೊಳ್ಳಿ. ಕೊಚ್ಕೋರ್, ನಾರಿನ್‌ನಲ್ಲಿ ಎಟಿಎಂ ಇದೆ. ಸರೋವರದ ದಂಡೆಯಲ್ಲಿ ಕುದುರೆ ಇದೆ, ಎಟಿಎಂ ಇಲ್ಲ. ಚಿಲ್ಲರೆ ನೋಟು ಜಾಸ್ತಿ ಇರಲಿ.

ಹಂತ 2: ಭಾಷೆ ಕಲಿಯಿರಿ, ಕನ್ನಡದವರಿಗೆ ಅದು ಸುಲಭ

ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಕಿರ್ಗಿಜ್ ಭಾಷೆಯ ವಾಕ್ಯ ನಮ್ಮ ವಾಕ್ಯದ ಹಾಗೇ ನಡೆಯುತ್ತದೆ. ‘ಮೆನ್ ಇಂಡಿಯಾದನ್ ಕೆಲ್ದಿಮ್.’ ಮೆನ್ ಅಂದರೆ ನಾನು. ಇಂಡಿಯಾದನ್ ಅಂದರೆ ಇಂಡಿಯಾದಿಂದ. ಕೆಲ್ದಿಮ್ ಅಂದರೆ ಬಂದೆ. ಪದಕ್ಕೆ ಪದ ಕೂತಿತು, ನೋಡಿ! ವಿಭಕ್ತಿ ಪದದ ಬಾಲಕ್ಕೆ ಅಂಟುತ್ತದೆ, ಕ್ರಿಯಾಪದ ಕೊನೆಗೆ ಬರುತ್ತದೆ. ಅದರಲ್ಲೇ ‘ನಾನು’ ಅನ್ನುವುದೂ ಸೇರಿಕೊಂಡಿರುತ್ತದೆ. ಇಂಗ್ಲಿಷಿನಲ್ಲಿ ಯೋಚಿಸಿ ಮಾತಾಡಲು ಹೋದರೆ ತಡವರಿಸುತ್ತೀರಿ. ಕನ್ನಡದಲ್ಲಿ ಯೋಚಿಸಿ.

ಇನ್ನೊಂದು ಅನುಕೂಲ ಇದೆ. ಅಲ್ಲೂ ಯಾರನ್ನೂ ಬರೀ ಹೆಸರು ಹಿಡಿದು ಕರೆಯುವುದಿಲ್ಲ. ನಿಮಗಿಂತ ದೊಡ್ಡ ಹೆಂಗಸು ‘ಎಜೆ’, ಅಂದರೆ ಅಕ್ಕ. ದೊಡ್ಡ ಗಂಡಸು ‘ಬೈಕೆ’, ಅಂದರೆ ಅಣ್ಣ. ತಾಯಿ ವಯಸ್ಸಿನವರು ‘ಅಪಾ’. ಅಪರಿಚಿತರನ್ನೂ ಹೀಗೇ ಕರೆಯುವುದು. ‘ಸೆನ್’ ಅಂದರೆ ನೀನು, ‘ಸಿಜ್’ ಅಂದರೆ ನೀವು. ಎಲ್ಲಿ ನೀನು, ಎಲ್ಲಿ ನೀವು ಅನ್ನುವುದು ನಮಗೆ ಯಾರೂ ಕಲಿಸಬೇಕಿಲ್ಲ. ಹೋಟೆಲ್‌ನಲ್ಲಿ ‘ಎಜೆ, ಚಾಯ್’ ಅಂತ ಕೂಗಿ ನೋಡಿ, ಮುಖ ಅರಳುತ್ತದೆ.

ಇಷ್ಟು ಬಾಯಿಪಾಠ ಮಾಡಿಕೊಂಡರೆ ಸಾಕು. ‘ಸಲಾಮತ್‌ಸಿಜ್ಬಿ’ ಅಂದರೆ ನಮಸ್ಕಾರ. ‘ರಹ್ಮತ್’ ಧನ್ಯವಾದ. ‘ಓಬಾ’ ಹೌದು. ‘ಜೋಕ್’ ಇಲ್ಲ, ಬೇಡ. ‘ಜಕ್ಶಿ’ ಚೆನ್ನಾಗಿದೆ. ‘ಕಂಚಾ?’ ಎಷ್ಟು? ಒಂದರಿಂದ ಐದು: ಬಿರ್, ಎಕಿ, ಉಚ್, ತೊರ್ತ್, ಬೆಶ್. ಪಟ್ಟಣದಲ್ಲಿ ರಷ್ಯನ್ನೂ ನಡೆಯುತ್ತದೆ. ರಷ್ಯನ್ ಮಾತಾಡಲು ಬರದಿದ್ದರೂ ಆ ಲಿಪಿ ಓದಲು ಕಲಿಯಿರಿ. ಎರಡು ಸಂಜೆಯ ಕೆಲಸ. ಊರಿನ ಬೋರ್ಡು, ವ್ಯಾನಿನ ಬೋರ್ಡು, ಹೋಟೆಲ್ ಮೆನು ಎಲ್ಲಾ ಅದರಲ್ಲೇ ಇರುತ್ತದೆ. ಫೋನಿನ ಅನುವಾದದ ಆ್ಯಪ್ ಇರಲಿ, ಆದರೆ ಅದನ್ನೇ ಮುಂದೆ ಹಿಡಿದುಕೊಂಡು ಕೂತರೆ ಎದುರಿನವರು ನಿಮ್ಮ ಮುಖ ನೋಡುವುದನ್ನೇ ಬಿಟ್ಟು ಪರದೆ ನೋಡುತ್ತಾರೆ.

ನೀವು ಕೇಳುವುದಕ್ಕಿಂತ ಜಾಸ್ತಿ ಅವರೇ ಕೇಳುತ್ತಾರೆ. ಎಲ್ಲಿಂದ? ವಯಸ್ಸೆಷ್ಟು? ಮದುವೆ ಆಗಿದೆಯಾ? ಯಾಕಿಲ್ಲ? ಮಕ್ಕಳು? ಸಂಬಳ ಎಷ್ಟು? ಬೇರೆ ದೇಶದ ಪ್ರವಾಸಿಗಳು ಇದಕ್ಕೆ ಗಾಬರಿಯಾಗುವುದನ್ನು ನೋಡಿದ್ದೇನೆ. ನಮಗೇನು, ಊರ ಮದುವೆ ಮನೆಗೆ ಹೋದರೆ ಇವೇ ಪ್ರಶ್ನೆ ಅಲ್ವಾ? ಇಂಡಿಯಾ ಅಂದ ತಕ್ಷಣ ವಯಸ್ಸಾದವರ ಬಾಯಲ್ಲಿ ರಾಜ್ ಕಪೂರ್, ಮಿಥುನ್ ಚಕ್ರವರ್ತಿ ಹೆಸರು ಬರುತ್ತದೆ. ಸೋವಿಯತ್ ಕಾಲದ ಟಾಕೀಸುಗಳಲ್ಲಿ ಹಿಂದಿ ಸಿನಿಮಾ ನೋಡಿ ಬೆಳೆದವರು. ಒಂದು ಸಾಲು ಹಾಡಲು ಹೇಳುತ್ತಾರೆ. ಸಂಕೋಚ ಬೇಡ, ಹಾಡಿಬಿಡಿ.

ಹಂತ 3: ಚೀಲಕ್ಕೆ ಏನು ತುಂಬಬೇಕು

ಬಟ್ಟೆಯ ಬಗ್ಗೆ ಒಂದೇ ಮಾತು: ಜುಲೈನಲ್ಲೂ ಸ್ವೆಟರ್, ಟೋಪಿ, ಮಳೆ ಕೋಟು ಬೇಕು. ಟಾರ್ಚ್, ಪವರ್ ಬ್ಯಾಂಕ್, ಟಾಯ್ಲೆಟ್ ಪೇಪರ್, ಬೇಕಾದ ಮಾತ್ರೆ ಇರಲಿ. ಬೆಟ್ಟದ ಮೇಲೆ ಕಕ್ಕಸು ಅಂದರೆ ಗುಡಾರದಿಂದ ಐವತ್ತು ಹೆಜ್ಜೆ ದೂರದ ಗುಂಡಿ, ಅದರ ಸುತ್ತ ನಾಲ್ಕು ಹಲಗೆ.

ಕೊಡಲು ಚಿಕ್ಕ ಚಿಕ್ಕ ಸಾಮಾನು ಒಯ್ಯಿರಿ. ನಾನು ಮೈಸೂರ್ ಸ್ಯಾಂಡಲ್ ಸೋಪು, ಚನ್ನಪಟ್ಟಣದ ಬುಗುರಿ ಒಯ್ದಿದ್ದೆ. ಸೋಪನ್ನು ಯಾರೂ ಮೈಗೆ ಹಚ್ಚಲಿಲ್ಲ, ಬಟ್ಟೆ ಪೆಟ್ಟಿಗೆಯಲ್ಲಿ ವಾಸನೆಗೆ ಇಟ್ಟುಕೊಂಡರು. ಬುಗುರಿಗೆ ಮಕ್ಕಳಿಗಿಂತ ಅಪ್ಪಂದಿರೇ ಮುಗಿಬಿದ್ದರು. ಮನೆಯವರ ನಾಲ್ಕು ಫೋಟೋ ಪ್ರಿಂಟ್ ಹಾಕಿಸಿಕೊಂಡು ಹೋಗಿ. ಅಪ್ಪ ಅಮ್ಮ, ಮನೆ, ಅಡಿಕೆ ತೋಟ, ಹಸು. ಮಾತು ನಿಂತುಹೋದಾಗ ಫೋಟೋ ತೆಗೆದರೆ ಇನ್ನೊಂದು ಗಂಟೆ ಸಾಗುತ್ತದೆ. ಜೈಲೋಗೆ ಹೋಗುವಾಗ ಕೆಳಗಿನ ಅಂಗಡಿಯಿಂದ ಟೀ ಪುಡಿ, ಸಕ್ಕರೆ, ಹಣ್ಣು ಒಯ್ಯಿರಿ. ಮೇಲೆ ಸೌದೆ ಸಹ ಸಿಗದ ಜಾಗದಲ್ಲಿ ಟೊಮ್ಯಾಟೋಗೆ ಎಷ್ಟು ಬೆಲೆ ಅಂತ ಅಲ್ಲೇ ಗೊತ್ತಾಗುವುದು.

ಸಸ್ಯಾಹಾರಿಗಳು ಈ ಭಾಗ ಎರಡು ಸಲ ಓದಿ. ಇದು ಕುರಿಮಾಂಸದ ದೇಶ. ‘ಮೆನ್ ಎತ್ ಜೆಬೈಮ್’ ಅಂದರೆ ನಾನು ಮಾಂಸ ತಿನ್ನುವುದಿಲ್ಲ. ನಾನು ಇದನ್ನು ಚೆನ್ನಾಗಿ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಮೊದಲ ರಾತ್ರಿ ಆಲೂಗಡ್ಡೆ ಸಾರು ಬಂತು. ಒಂದು ತುಂಡು ಮಾಂಸವೂ ಇರಲಿಲ್ಲ. ಎರಡು ಚಮಚ ಕುಡಿದ ಮೇಲೆ ಅನುಮಾನ ಬಂತು. ಕುರಿ ಮೂಳೆ ಬೇಯಿಸಿದ ನೀರಿನಲ್ಲೇ ಆಲೂಗಡ್ಡೆ ಹಾಕಿದ್ದರು. ಮಾಂಸ ತೆಗೆದು ಕೊಟ್ಟಿದ್ದೇವಲ್ಲ, ಇನ್ನೇನು ಅನ್ನುವ ಮುಖ. ಅವರ ತಪ್ಪಲ್ಲ. ‘ಶೋರ್ಪೊ ಜೋಕ್’, ಅಂದರೆ ಮಾಂಸದ ರಸವೂ ಬೇಡ ಅಂತ ಸೇರಿಸಿ ಹೇಳಿ. ಅದನ್ನೂ ಊಟಕ್ಕೆ ಕೂತ ಮೇಲೆ ಹೇಳಬೇಡಿ, ರೂಮು ಗೊತ್ತು ಮಾಡುವಾಗಲೇ ಹೇಳಿ. ಮೊಟ್ಟೆ ತಿನ್ನುತ್ತೀರಾದರೆ ಅರ್ಧ ಗೆದ್ದ ಹಾಗೆ. ದುಂಡನೆಯ ರೊಟ್ಟಿ ‘ನಾನ್’, ಗಟ್ಟಿ ಕೆನೆ ‘ಕೈಮಾಕ್’, ಮನೆಯಲ್ಲೇ ಮಾಡಿದ ಹಣ್ಣಿನ ಜಾಮ್, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು ‘ಬೋರ್ಸೋಕ್’ ಎಲ್ಲಾ ಕಡೆ ಸಿಗುತ್ತವೆ. ನಾನಂತೂ ಬಿಸಿ ನಾನ್ ಮೇಲೆ ಕೈಮಾಕ್ ಸವರಿ, ಮೇಲೆ ಚಟ್ನಿಪುಡಿ ಉದುರಿಸಿ ಹತ್ತು ದಿನ ಕಳೆದೆ. ಒಂದು ಕಿಲೋ ಗೊಜ್ಜವಲಕ್ಕಿಯೂ ಇತ್ತು. ಬಿಸಿನೀರು ಎಲ್ಲಿ ಬೇಕಾದರೂ ಸಿಗುತ್ತದೆ.

ಹಂತ 4: ಬಿಷ್ಕೆಕ್‌ನಲ್ಲಿ ಒಂದೇ ರಾತ್ರಿ

ಸಿಮ್ ತೆಗೆದುಕೊಳ್ಳಿ, ದುಡ್ಡು ಬದಲಾಯಿಸಿ, ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ, ಮಲಗಿ. ಈ ಊರಿನ ಹೆಸರಿಗೆ ಕುದುರೆ ಹಾಲು ಕಡೆಯುವ ಮರದ ಕೋಲೇ ಮೂಲ ಅನ್ನುತ್ತಾರೆ. ಅಂದರೆ ಕಡಗೋಲಿನ ಹೆಸರಿನ ರಾಜಧಾನಿ! ಉಡುಪಿ ಕೃಷ್ಣ ಕೇಳಿದರೆ ಖುಷಿಪಟ್ಟಾನು.

ಬೆಳಗ್ಗೆ ಎಂಟರೊಳಗೆ ಪಶ್ಚಿಮ ಬಸ್ ನಿಲ್ದಾಣಕ್ಕೆ ಹೋಗಿ. ಅಲ್ಲಿನ ವ್ಯಾನಿಗೆ ‘ಮಾರ್ಶ್ರೂತ್ಕಾ’ ಅನ್ನುತ್ತಾರೆ. ಇಳಿಯುತ್ತಿದ್ದಂತೆ ಟ್ಯಾಕ್ಸಿಯವರು ಮುತ್ತಿಕೊಳ್ಳುತ್ತಾರೆ. ‘ಮಾರ್ಶ್ರೂತ್ಕಾ ಜೋಕ್’, ವ್ಯಾನ್ ಇಲ್ಲ ಅನ್ನುತ್ತಾರೆ. ಇರುತ್ತದೆ. ಸುಮ್ನೆ ಮುಂದೆ ನಡೆಯಿರಿ, ಗಾಜಿನ ಮೇಲಿನ ಬೋರ್ಡು ಓದಿ, ಡ್ರೈವರ್ ಹತ್ತಿರ ಊರಿನ ಹೆಸರು ಹೇಳಿ. ಸೀಟಿನ ಮೇಲೆ ಟೋಪಿಯೋ ಚೀಲವೋ ಇಟ್ಟರೆ ಸೀಟು ನಿಮ್ಮದು. ಆಮೇಲೆ ಇಳಿದು ಬೆಂಚಿನ ಮೇಲೆ ಕೂರಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಬೇಡಿ, ಅದೊಂದು ಬಾಗಿಲು ಹಾಕಿದ ಹಾಗೆ. ತಿನ್ನುವುದೇನಾದರೂ ಇದ್ದರೆ ಮೊದಲು ಪಕ್ಕದವರಿಗೆ ನೀಡಿ.

ಕೊಚ್ಕೋರ್‌ಗೆ ಸುಮಾರು 200 ಕಿಲೋಮೀಟರ್, ಮೂರೂವರೆ ನಾಲ್ಕು ಗಂಟೆ.

ಹಂತ 5: ಕೊಚ್ಕೋರ್‌ನಲ್ಲಿ ಮನೆಯಲ್ಲಿ ಉಳಿಯಿರಿ

ಹೋಟೆಲ್ ಬೇಡ. ಸಿಬಿಟಿ ಅಂತ ಒಂದು ಜಾಲ ಇದೆ, ಹಳ್ಳಿಯವರೇ ಸೇರಿ ನಡೆಸುವ ಪ್ರವಾಸಿ ಗುಂಪುಗಳು. 2000ದಲ್ಲಿ ಸ್ವಿಸ್ ಸಂಸ್ಥೆ ಹೆಲ್ವೆಟಾಸ್ ನೆರವಿನಿಂದ ಮೊದಲು ಶುರುವಾಗಿದ್ದು ಇದೇ ಕೊಚ್ಕೋರ್‌ನಲ್ಲಿ. ಅವರ ಆಫೀಸಿಗೆ ನಡೆದುಕೊಂಡು ಹೋಗಿ ಕೇಳಿದರೆ ಒಂದು ಮನೆ ತೋರಿಸುತ್ತಾರೆ. ಕುದುರೆ, ಗೈಡ್, ಮೇಲಿನ ಯರ್ಟ್ (ಉಣ್ಣೆ ಹೊದಿಕೆಯ ದುಂಡನೆ ಗುಡಾರ) ಎಲ್ಲಾ ಅಲ್ಲೇ ಗೊತ್ತು ಮಾಡಬಹುದು. ರಾತ್ರಿಗೆ, ಬೆಳಗಿನ ತಿಂಡಿ ಸೇರಿ, ಒಂದರಿಂದ ಎರಡು ಸಾವಿರ ಸೊಮ್ ಅಂತ ಲೆಕ್ಕ ಇಟ್ಟುಕೊಳ್ಳಿ.

ಇಲ್ಲಿ ಒಂದಲ್ಲ, ಎರಡು ರಾತ್ರಿ ಇರಿ. ಬಿಷ್ಕೆಕ್ ಇರುವುದು 800 ಮೀಟರ್ ಎತ್ತರದಲ್ಲಿ. ಕೊಚ್ಕೋರ್ 1,800. ಸೊಂಗ್-ಕೊಲ್ 3,016. ನಮ್ಮ ಮುಳ್ಳಯ್ಯನಗಿರಿ ತುದಿಯೇ 1,930 ಮೀಟರ್. ಬಿಷ್ಕೆಕ್‌ನಿಂದ ನೇರ ಮೇಲೆ ಹೋಗಿ ಮಲಗಿದರೆ ತಲೆನೋವು, ವಾಂತಿ ಬರಬಹುದು. ಬಂದರೆ ಹಟ ಮಾಡದೆ ಕೆಳಗೆ ಇಳಿದುಬಿಡಿ.

ಎರಡು ದಿನ ಏನು ಮಾಡುವುದು? ಶನಿವಾರವಾದರೆ ಬೆಳಗಿನ ಜಾವ ದನದ ಸಂತೆಗೆ ಹೋಗಿ. ಕುರಿಯ ಬೆನ್ನು ಒತ್ತಿ ನೋಡುವುದು, ಕುದುರೆಯ ಹಲ್ಲು ಎಣಿಸುವುದು, ಕೈ ಕುಲುಕುತ್ತಲೇ ಬೆಲೆ ಎಳೆದಾಡುವುದು ನೋಡಬಹುದು. ಉಳಿದ ದಿನ ಹೆಂಗಸರು ‘ಶಿರ್ದಾಕ್’ ಹೊಲಿಯುವ ಮನೆಗೆ ಹೋಗಿ. ಉಣ್ಣೆಯನ್ನು ಬಿಸಿನೀರು ಹಾಕಿ ತುಳಿದು ಮಾಡಿದ ಹಾಸು ಅದು. ಎರಡು ಬಣ್ಣದ ಉಣ್ಣೆ ಹಾಳೆಯನ್ನು ಒಂದರ ಮೇಲೊಂದಿಟ್ಟು ಒಟ್ಟಿಗೆ ಕತ್ತರಿಸುತ್ತಾರೆ. ಕೆಂಪಿನಲ್ಲಿ ಬಿದ್ದ ತೂತಿಗೆ ಕಪ್ಪು ಚಿತ್ತಾರ, ಕಪ್ಪಿನ ತೂತಿಗೆ ಕೆಂಪು. ಚೂರೂ ವ್ಯರ್ಥ ಇಲ್ಲ. 2012ರಲ್ಲಿ ಯುನೆಸ್ಕೋ ಈ ಕಲೆಯನ್ನು ತುರ್ತಾಗಿ ಉಳಿಸಬೇಕಾದವುಗಳ ಪಟ್ಟಿಗೆ ಸೇರಿಸಿತು. ಕೊಳ್ಳುವುದಿದ್ದರೆ ಹೊಲಿದವರ ಕೈಯಿಂದಲೇ ಕೊಳ್ಳಿ. ಚೌಕಾಸಿ ಕಡಿಮೆ ಇರಲಿ.

ಹಂತ 6: ಸೊಂಗ್-ಕೊಲ್, ಕನಿಷ್ಠ ಮೂರು ರಾತ್ರಿ

ಕೊಲ್ ಅಂದರೆ ಸರೋವರ. ಕೇಳಲು ನಮ್ಮ ‘ಕೊಳ’ದ ಹಾಗೇ ಇದೆ, ಹೆಸರು ಮರೆಯುವುದಿಲ್ಲ. ದೇಶದ ಎರಡನೇ ದೊಡ್ಡ ಸರೋವರ ಇದು. ಸುತ್ತ ಒಂದು ಮರವಿಲ್ಲ. ಹುಲ್ಲು, ನೀರು, ಆಕಾಶ, ಅಲ್ಲಲ್ಲಿ ಬಿಳಿ ಗುಡಾರ. ಹೆಚ್ಚಿನ ಕಡೆ ಫೋನ್ ಸಿಗ್ನಲ್ ಇರುವುದಿಲ್ಲ.

ಹೋಗಲು ಎರಡು ದಾರಿ. ಕೊಚ್ಕೋರ್‌ನಿಂದ ಜೀಪು ಹಂಚಿಕೊಂಡು ಹೋಗಬಹುದು. ಇಲ್ಲವೇ ಕಿಜಾರ್ತ್ ಹಳ್ಳಿಯಿಂದ ಕುದುರೆ ಮೇಲೆ ಎರಡು ದಿನ, ನಡುವೆ ಒಂದು ಜೈಲೋದಲ್ಲಿ ರಾತ್ರಿ. ನಾನು ಕುದುರೆ ಹತ್ತಿದೆ. ಮುಂಚೆ ಕುದುರೆ ಹತ್ತಿದ್ದು ಊಟಿಯಲ್ಲಿ ಒಂದು ಸಲ, ಹತ್ತು ನಿಮಿಷ. ಎರಡನೇ ದಿನ ಸಂಜೆ ಊಟಕ್ಕೆ ನಿಂತುಕೊಂಡೇ ತಿಂದೆ. ಆದರೂ ಕುದುರೆಯನ್ನೇ ಆರಿಸಿ ಅನ್ನುತ್ತೇನೆ. ಎರಡು ದಿನ ಜೊತೆಗಿದ್ದ ಹುಡುಗ ತನ್ನ ಅತ್ತೆ, ಮಾವ, ಚಿಕ್ಕಪ್ಪ ಎಲ್ಲರ ಗುಡಾರಕ್ಕೂ ಕರೆದುಕೊಂಡು ಹೋದ. ಎಲ್ಲಾ ಕಡೆ ಟೀ ಆಯಿತು.

ಯರ್ಟ್‌ಗೆ ಅವರು ‘ಬೋಜ್ ಉಯ್’ ಅನ್ನುತ್ತಾರೆ. ಒಳಗೆ ಹೋಗುವಾಗ ಹೊಸ್ತಿಲು ತುಳಿಯಬೇಡಿ. ಇದನ್ನೂ ನಮಗೆ ಯಾರು ಹೇಳಿಕೊಡಬೇಕು! ಚಪ್ಪಲಿ ಹೊರಗೆ. ಬಾಗಿಲಿಗೆ ನೇರ ಎದುರಿನ ಜಾಗ ‘ತೊರ್’, ಹಿರಿಯರಿಗೆ ಮತ್ತು ಅತಿಥಿಗೆ. ನೀವಾಗಿ ಹೋಗಿ ಅಲ್ಲಿ ಕೂರಬೇಡಿ. ಬಾಗಿಲ ಹತ್ತಿರ ನಿಂತರೆ ಅವರೇ ಕರೆದು ಕೂರಿಸುತ್ತಾರೆ. ಒಳಗೆ ಬಂದಾಗ ಬಲಗಡೆ ಹೆಂಗಸರ ಭಾಗ, ಪಾತ್ರೆ ಪಡಗ, ಹಾಲು ಮೊಸರು. ಎಡಗಡೆ ಗಂಡಸರದ್ದು, ಜೀನು, ಚಾವಟಿ. ಮಲಗಿ ಮೇಲೆ ನೋಡಿದರೆ ಚಾವಣಿಯ ನಡುವೆ ದುಂಡನೆ ಮರದ ಬಳೆ ಕಾಣುತ್ತದೆ. ಅದು ‘ತುಂದುಕ್’. ಆ ದೇಶದ ಬಾವುಟದ ನಡುವೆ ಇರುವುದು ಅದೇ. ಒಲೆಗೆ ಹಾಕುವುದು ಒಣಗಿಸಿದ ಸಗಣಿ. ಬೆರಣಿ ವಾಸನೆ ಮೂಗಿಗೆ ಬಿದ್ದಾಗ ಒಂದು ನಿಮಿಷ ಅಜ್ಜಿ ಮನೆ ಹಿತ್ತಲಲ್ಲಿದ್ದೆ.

ರೊಟ್ಟಿಯನ್ನು ಬೋರಲಾಗಿ ಇಡಬಾರದು, ನೆಲದ ಮೇಲೂ ಇಡಬಾರದು. ಟೀ ಬಟ್ಟಲು ಅರ್ಧ ಮಾತ್ರ ತುಂಬಿ ಕೊಡುತ್ತಾರೆ. ಜುಗ್ಗತನ ಅಂದುಕೊಳ್ಳಬೇಡಿ. ಬೇಗ ಮುಗಿಸಿ ಮತ್ತೆ ಕೇಳಲಿ, ಇನ್ನಷ್ಟು ಹೊತ್ತು ಕೂರಲಿ ಅಂತ. ಊಟ ಮುಗಿದ ಮೇಲೆ ಎಲ್ಲರೂ ಅಂಗೈ ಮೇಲೆ ಮಾಡಿ ಮುಖ ಸವರಿಕೊಂಡು ‘ಓಮಿನ್’ ಅನ್ನುತ್ತಾರೆ. ನೀವೂ ಹಾಗೇ ಮಾಡಿ. ಅದಾದ ಮೇಲೆ ತಟ್ಟೆಗೆ ಕೈ ಹಾಕಬೇಡಿ.

‘ಕಿಮಿಜ್’ ಕೊಟ್ಟೇ ಕೊಡುತ್ತಾರೆ. ಹುಳಿ ಬರಿಸಿದ ಕುದುರೆ ಹಾಲು, ಸ್ವಲ್ಪ ಅಮಲೂ ಇರುತ್ತದೆ. ಮೂರು ದಿನದ ಹುಳಿ ಮಜ್ಜಿಗೆಗೆ ಹೊಗೆ ಕೊಟ್ಟ ಹಾಗೆ ರುಚಿ. ಒಂದು ಗುಟುಕು ಕುಡಿದು ‘ಜಕ್ಶಿ’ ಅನ್ನಿ. ಬೇಡವಾದರೆ ಎದೆ ಮೇಲೆ ಕೈ ಇಟ್ಟು ‘ರಹ್ಮತ್’ ಅಂದರೆ ಯಾರೂ ಬೇಸರ ಮಾಡುವುದಿಲ್ಲ. ಹೊಟ್ಟೆಗೆ ಹೊಸದು, ಮೊದಲ ದಿನವೇ ದೊಡ್ಡ ಬಟ್ಟಲು ಮುಗಿಸಿ ಶೂರತನ ತೋರಿಸಬೇಡಿ. ನಾನು ತೋರಿಸಿದ್ದೆ. ಐವತ್ತು ಹೆಜ್ಜೆ ದೂರದ ಗುಂಡಿ ಅಂದೆನಲ್ಲ, ಆ ರಾತ್ರಿಯೇ ಹೆಜ್ಜೆ ಎಣಿಸಿದ್ದು.

ಮೂರು ರಾತ್ರಿ ಯಾಕೆ? ಮೊದಲ ದಿನ ನೀವು ದುಡ್ಡು ಕೊಟ್ಟ ಗಿರಾಕಿ. ಫೋಟೋ ತೆಗೆಯುತ್ತೀರಿ, ಅವರು ಊಟ ಬಡಿಸುತ್ತಾರೆ, ಅಲ್ಲಿಗೆ ಮುಗಿಯಿತು. ನನಗೂ ಹಾಗೇ ಆಗಿತ್ತು. ಎರಡು ರಾತ್ರಿಗೆ ಅಂತ ಹೋಗಿದ್ದೆ. ಆಗಸ್ಟ್ ಕೊನೆಯ ವಾರ. ಹೊರಡುವ ದಿನ ಬೆಳಗ್ಗೆ ಎದ್ದರೆ ಗುಡಾರದ ಬಾಗಿಲಿಗೆ ಹಿಮ. ಕಣಿವೆ ದಾಟಿ ಜೀಪು ಬರಲಿಲ್ಲ. ಬೇರೆ ಪ್ರವಾಸಿಗಳೂ ಇಲ್ಲ. ಏನು ಮಾಡಲಿ ಅಂತ ಅಡುಗೆ ಗುಡಾರದ ಬಾಗಿಲಲ್ಲಿ ನಿಂತೆ. ಆ ಮನೆಯ ಯಜಮಾನಿ ಎಜೆ ನನ್ನನ್ನೊಮ್ಮೆ ನೋಡಿ, ಹಾಲು ಕೆನೆ ಬೇರೆ ಮಾಡುವ ಕೈಯಂತ್ರ ತೋರಿಸಿದರು.

ಮೇಲೆ ಅಗಲ ಬಾಯಿಯ ತಗಡಿನ ಬೋಗುಣಿ. ಪಕ್ಕದಲ್ಲಿ ತಿರುಗಿಸುವ ಹಿಡಿಕೆ. ಮುಂದೆ ಎರಡು ಮೂತಿ. ಆಗಷ್ಟೇ ಕರೆದ ಹಸುವಿನ ಹಾಲನ್ನು ಬಿಸಿ ಆರುವ ಮೊದಲೇ ಬೋಗುಣಿಗೆ ಸುರಿದರು. ನಾನು ಹಿಡಿಕೆ ತಿರುಗಿಸಿದೆ. ನಮ್ಮ ಬೀಸುವ ಕಲ್ಲಿನ ಹಾಗೆ ಎಳೆದೆಳೆದು ತಿರುಗಿಸಿದೆ. ಎರಡೂ ಮೂತಿಯಿಂದ ನೀರು ನೀರಾದ ಹಾಲೇ ಬಂತು. ಎಜೆ ‘ಜೋಕ್, ಜೋಕ್’ ಅಂತ ನಕ್ಕು, ನನ್ನ ಕೈ ಮೇಲೆ ತಮ್ಮ ಕೈ ಇಟ್ಟರು. ಎಳೆಯುವುದಲ್ಲ, ಒಂದೇ ಸಮ ತಿರುಗಿಸುವುದು. ವೇಗ ಏರಿತು. ಕಟಕಟ ಸದ್ದು ಹೋಗಿ ಗುಂಯ್ ಅನ್ನತೊಡಗಿತು. ಆಗ ದೊಡ್ಡ ಮೂತಿಯಿಂದ ತೆಳು ಹಾಲು, ಚಿಕ್ಕ ಮೂತಿಯಿಂದ ದಾರದ ಹಾಗೆ ಹಳದಿ ಕೆನೆ. ಒಂದು ಬಕೆಟ್ ಮುಗಿಯುವಷ್ಟರಲ್ಲಿ ಭುಜ ಸೋತಿತ್ತು. ಇನ್ನೂ ಎರಡು ಬಕೆಟ್ ಇತ್ತು. ಮಧ್ಯೆ ಅವರು ಹೆಣ್ಣು ಕುದುರೆ ಕರೆಯಲು ಎದ್ದು ಹೋಗುತ್ತಿದ್ದರು. ಮೊದಲು ಮರಿ ಬಿಟ್ಟು, ತಾಯಿ ಸೊರೆ ಬಿಟ್ಟ ಮೇಲೆ ಮರಿ ಎಳೆದು ಕರೆಯುವುದು. ಒಂದು ಸಲಕ್ಕೆ ಸ್ವಲ್ಪವೇ ಹಾಲು, ಹಾಗಾಗಿ ದಿನಕ್ಕೆ ಐದಾರು ಸಲ. ಆ ಸಂಜೆ ನನಗೆ ಊಟ ಪ್ರವಾಸಿಗಳ ಗುಡಾರದಲ್ಲಿ ಬಡಿಸಲಿಲ್ಲ. ಅಡುಗೆ ಒಲೆ ಪಕ್ಕ, ಅವರ ಜೊತೆ, ಒಂದೇ ತಟ್ಟೆ ಕೆನೆ.

ಹಾಗಾಗಿ ಜೀಪು ಕೈಕೊಡಲಿ ಅಂತ ಕಾಯಬೇಡಿ, ಮೊದಲೇ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. ಎರಡನೇ ದಿನ ಕೆಲಸ ಕೇಳಿ. ನೀರು ತರುವುದು, ಆಲೂಗಡ್ಡೆ ಸುಲಿಯುವುದು, ಬೋರ್ಸೋಕ್ ಹಿಟ್ಟು ಲಟ್ಟಿಸುವುದು ಯಾರಿಗೆ ಬರುವುದಿಲ್ಲ? ಬೇಡ ಅಂದರೆ ಒತ್ತಾಯ ಮಾಡಬೇಡಿ.

ಹಂತ 7: ನಾರಿನ್, ತಾಶ್ ರಬಾತ್

ನಾರಿನ್ ನದಿ ದಂಡೆಯ ಉದ್ದನೆ ಊರು. ಬಟ್ಟೆ ಒಗೆದುಕೊಳ್ಳಲು, ಬಿಸಿನೀರಿನ ಸ್ನಾನಕ್ಕೆ ಒಳ್ಳೆಯ ಜಾಗ, ಅಷ್ಟೇ. ಅಲ್ಲಿಂದ ಅತ್-ಬಾಶಿ ದಾಟಿ ಚೀನಾ ಗಡಿಯ ಕಡೆ ಹೋದರೆ ತಾಶ್ ರಬಾತ್ ಸಿಗುತ್ತದೆ. 3,000 ಮೀಟರಿಗೂ ಮೇಲೆ, ಕಣಿವೆಯೊಂದರ ಮಡಿಲಲ್ಲಿ ಕಲ್ಲಿನ ಹಳೆಯ ಛತ್ರ. 15ನೇ ಶತಮಾನದ್ದು ಅನ್ನುತ್ತಾರೆ. ರೇಷ್ಮೆ ದಾರಿಯ ವ್ಯಾಪಾರಿಗಳು ರಾತ್ರಿ ಕಳೆಯುತ್ತಿದ್ದ ಜಾಗ. ಹಗಲು ಬಂದು ಹೋಗುವವರೇ ಜಾಸ್ತಿ. ನೀವು ಪಕ್ಕದ ಯರ್ಟ್‌ನಲ್ಲಿ ಉಳಿದರೆ ಸಂಜೆ ಆರರ ಮೇಲೆ ಆ ಕಲ್ಲಿನ ಗೂಡುಗಳಲ್ಲಿ ಒಬ್ಬರೇ ಇರುತ್ತೀರಿ.

ಈ ಕಡೆ ವ್ಯಾನ್ ಇಲ್ಲ, ಟ್ಯಾಕ್ಸಿಯೇ ಗತಿ. ಬೆಲೆ ಮಾತಾಡುವಾಗ ಕಾಗದದ ಮೇಲೆ ಬರೆಸಿ: ಹೋಗುವುದು, ಬರುವುದು, ಎಷ್ಟು ಹೊತ್ತು ಕಾಯುವುದು. ನಾನು ತಲೆಯಾಡಿಸಿ ಕೂತುಬಿಟ್ಟೆ. ವಾಪಸ್ ಬಂದಮೇಲೆ ಆತ ಹೇಳಿದ್ದು ಬರೀ ಹೋಗುವ ಬೆಲೆ ಅಂತ ಗೊತ್ತಾಯಿತು. ಅಂದಹಾಗೆ, ನಮ್ಮ ಹಾಗೆ ಅಡ್ಡಡ್ಡ ತಲೆಯಾಡಿಸಿದರೆ ಹೌದೋ ಅಲ್ಲವೋ ಅಂತ ಅವರಿಗೆ ತಿಳಿಯುವುದಿಲ್ಲ. ಬಾಯಿ ಬಿಟ್ಟು ಹೇಳಿ. ಇನ್ನೂ ಒಳಗಿನ ಕೆಲ್-ಸೂ ಸರೋವರಕ್ಕೆ ಹೋಗುವುದಿದ್ದರೆ ಗಡಿ ಪ್ರದೇಶದ ಪರವಾನಗಿ ಬೇಕು, ಮೊದಲೇ ಸಿಬಿಟಿ ಮೂಲಕ ಅರ್ಜಿ ಹಾಕಿಸಿ. ತಾಶ್ ರಬಾತ್‌ಗೆ ಅದು ಬೇಕಿಲ್ಲ.

ಹಂತ 8: ಎಚ್ಚರ

ನಾನು ಹೆಣ್ಣು, ಒಬ್ಬಳೇ ಹೋಗಿದ್ದೆ. ಹಳ್ಳಿಗಳಲ್ಲಿ, ಜೈಲೋಗಳಲ್ಲಿ ಭಯ ಅನ್ನಿಸಲಿಲ್ಲ. ಕುಟುಂಬ ಇರುವ ಮನೆಯಲ್ಲೇ ಉಳಿದೆ. ವ್ಯಾನಿನಲ್ಲಿ ಹೆಂಗಸರ ಪಕ್ಕ ಕೂತೆ. ಕುಡಿದ ಗಂಡಸರು ಮಾತಿಗೆ ಎಳೆದರೆ ನಗದೆ ಎದ್ದು ಹೋದೆ. ಬಿಷ್ಕೆಕ್‌ನಲ್ಲಿ ರಾತ್ರಿ ಒಬ್ಬಳೇ ತಿರುಗಲಿಲ್ಲ. 2024ರ ಮೇ ತಿಂಗಳಲ್ಲಿ ಅಲ್ಲಿ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್‌ಗಳ ಮೇಲೆ ಗುಂಪು ದಾಳಿ ನಡೆದಿತ್ತು. ಭಾರತದ ಸಾವಿರಾರು ಮಕ್ಕಳು ಆ ದೇಶದಲ್ಲಿ ಎಂಬಿಬಿಎಸ್ ಓದುತ್ತಾರೆ. ಅದನ್ನು ಮುಚ್ಚಿಟ್ಟು ಬರೀ ಹುಲ್ಲುಗಾವಲಿನ ಸೊಗಸು ಹೇಳಲು ನನಗೆ ಮನಸ್ಸಿಲ್ಲ. ಭಾರತೀಯ ರಾಯಭಾರ ಕಚೇರಿಯ ನಂಬರ್ ಫೋನಿನಲ್ಲಿರಲಿ. ಕುದುರೆ ಸವಾರಿಯೂ ಸೇರುವ ವಿಮೆ ಮಾಡಿಸಿ.

ಮನುಷ್ಯರಿಗಿಂತ ನಾಯಿಗೆ ಹೆದರಿ. ಕುರಿ ಕಾಯುವ ನಾಯಿಗಳು ದೊಡ್ಡವು. ಗುಡಾರದ ಹತ್ತಿರ ಹೋಗುವ ಮೊದಲು ದೂರದಿಂದಲೇ ಕೂಗಿ, ಯಾರಾದರೂ ಹೊರಗೆ ಬರುವವರೆಗೆ ನಿಲ್ಲಿ. ಓಡಬೇಡಿ. ನಾಯಿ ಮೈಮೇಲೆ ಬರುವ ಹಾಗಿದ್ದರೆ ಬಗ್ಗಿ ಕಲ್ಲು ಹೆಕ್ಕುವ ಹಾಗೆ ಮಾಡಿ. ಈ ವಿದ್ಯೆ ನಮ್ಮೂರಿನ ಬೀದಿಯಲ್ಲೇ ಕಲಿತಿರುತ್ತೀರಿ.

ಹಂತ 9: ವಾಪಸ್

ನಾರಿನ್‌ನಿಂದಲೋ ಕೊಚ್ಕೋರ್‌ನಿಂದಲೋ ಬಿಷ್ಕೆಕ್‌ಗೆ ಬೆಳಗ್ಗೆಯೇ ಹೊರಡಿ. ಮಧ್ಯಾಹ್ನದ ಮೇಲೆ ವ್ಯಾನ್ ಕಡಿಮೆ. ವಿಮಾನದ ಹಿಂದಿನ ದಿನವೇ ರಾಜಧಾನಿಯಲ್ಲಿರಿ.

ತೆಗೆದ ಫೋಟೋ ಕಳಿಸುತ್ತೇನೆ ಅಂದಿದ್ದರೆ ಕಳಿಸಿ. ಎಲ್ಲರ ಹತ್ತಿರವೂ ವಾಟ್ಸಾಪ್ ಇದೆ. ಆದರೆ ಮೇಲೆ ಸಿಗ್ನಲ್ ಇಲ್ಲ ಅಂತ ನೆನಪಿರಲಿ. ನಾನು ಬೆಂಗಳೂರಿಗೆ ಬಂದ ದಿನವೇ ಎಜೆಗೆ ಹನ್ನೊಂದು ಫೋಟೋ ಕಳಿಸಿದ್ದೆ. ಒಂದೇ ಟಿಕ್. ಒಂದು ವಾರ ಒಂದೇ ಟಿಕ್. ಮರೆತೇ ಬಿಟ್ಟಿದ್ದೆ. ಸೆಪ್ಟೆಂಬರ್ ಮೂರನೇ ವಾರ, ಅವರು ಗುಡಾರ ಬಿಚ್ಚಿ ಹಳ್ಳಿಗೆ ಇಳಿದ ಮೇಲೆ ಇರಬೇಕು, ಹನ್ನೊಂದಕ್ಕೂ ಒಟ್ಟಿಗೆ ನೀಲಿ ಟಿಕ್ ಬಂತು. ಹಿಂದೆಯೇ ಒಂದು ವಾಯ್ಸ್ ಮೆಸೇಜ್. ಹಿನ್ನೆಲೆಯಲ್ಲಿ ಕುರಿ ಕೂಗು, ಯಾರೋ ಬಾಗಿಲು ಬಡಿಯುವುದು. ನಲವತ್ತು ಸೆಕೆಂಡಿನ ಆ ಮಾತಿನಲ್ಲಿ ನನಗೆ ಸರಿಯಾಗಿ ತಿಳಿದ ಪದ ಮೂರು: ಇಂಡಿಯಾ, ಕೈಮಾಕ್, ಜಕ್ಶಿ. ಉಳಿದದ್ದನ್ನು ಬಿಷ್ಕೆಕ್‌ನಲ್ಲಿ ಓದುವ ನಮ್ಮ ಕಡೆಯ ಹುಡುಗಿಗೆ ಕಳಿಸಿ ಅರ್ಥ ಕೇಳಿದೆ. ‘ಮದುವೆ ಆಯ್ತಾ ಅಂತ ಕೇಳ್ತಿದಾರೆ ಅಕ್ಕಾ’ ಅಂದಳು.